ಕಾಣದ ಅಂಗಡಿಯ ಗಡಿಯಾರ

ಬನಹಟ್ಟಿಯ ಪಾವರ್‌ಲೂಮಿನಲ್ಲಿ ದುಡಿಯುವ ಹುಡುಗನೊಬ್ಬ ಮೊಬೈಲಿನಲ್ಲಿ ಒಂದು ವಾಚು ನೋಡುತ್ತಿದ್ದಾನೆ ಎಂದಿಟ್ಟುಕೊಳ್ಳೋಣ. ಬೆಲೆ 4,999 ರೂಪಾಯಿ ಎಂದು ಬರೆದು ಅದರ ಮೇಲೆ ಗೀಟು ಎಳೆದಿದ್ದಾರೆ. ಕೆಳಗೆ 499 ರೂಪಾಯಿ ಎಂದಿದೆ. ಹೆಸರಾಂತ ಕಂಪನಿಯ ಮುದ್ರೆಯೂ ಇದೆ, 'ಇನ್ನು ಹತ್ತೇ ನಿಮಿಷ' ಎಂಬ ಅವಸರವೂ ಇದೆ. ಅವನು ಪಕ್ಕದ ಮಗ್ಗದ ಹಿರಿಯರನ್ನು ಕೇಳುತ್ತಾನೆ: "ಕಾಕಾ, ಈ ಅಂಗಡಿ ನಂಬಬೌದೇನ್ರಿ?"

ಈ ಪ್ರಶ್ನೆಗೆ ಮೊಬೈಲಿಗಿಂತ ಬಹಳ ಹೆಚ್ಚು ವಯಸ್ಸಾಗಿದೆ. ದೂರದೂರಿನ ಅಂಗಡಿಯ ಮಾಲು ಟಪಾಲಿನಲ್ಲಿ ಮನೆ ಬಾಗಿಲಿಗೆ ಬಂದು, ಅಲ್ಲಿಯೇ ದುಡ್ಡು ಎಣಿಸುವ ವ್ಯವಸ್ಥೆ ನಮ್ಮ ದೇಶದಲ್ಲಿ ಶುರುವಾಗಿ ನೂರೈವತ್ತು ವರ್ಷ ಸಮೀಪಿಸಿತು. ಅದಕ್ಕೂ ಹಿಂದೆ, ಕಾಣದ ಮಾಲನ್ನು ಕೊಳ್ಳುವವನ ಹಕ್ಕೇನು ಎಂದು ನಮ್ಮ ಫಿಖ್ಹ್ ಪಂಡಿತರು ಸಾವಿರ ವರ್ಷಗಳ ಕೆಳಗೇ ಚರ್ಚಿಸಿದ್ದರು. ಈ ಇತಿಹಾಸವನ್ನು ಒಮ್ಮೆ ತಿರುವಿ ನೋಡಿದರೆ ಇಂದಿನ ಆನ್‌ಲೈನ್ ಅಂಗಡಿಯನ್ನು ಅಳೆಯುವ ಕೋಲು ಅಲ್ಲಿಯೇ ಸಿಗುತ್ತದೆ ಎಂಬುದು ನನ್ನ ನಂಬಿಕೆ.

ವಾಚನ್ನೇ ಯಾಕೆ ಆರಿಸಿಕೊಳ್ಳಬೇಕು? ಬದನೆಕಾಯಿಯನ್ನು ಹಿಚುಕಿ ನೋಡಬಹುದು. ಜೋಳದ ಕಾಳನ್ನು ಬಾಯಿಗೆ ಹಾಕಿ ಕಡಿಯಬಹುದು. ಸೀರೆಯ ಸೆರಗನ್ನು ಹಿಂದುಮುಂದು ಮಾಡಿ ನೋಡಬಹುದು. ವಾಚಿನ ಪ್ರಾಣವಿರುವುದು ಮುಚ್ಚಳದ ಒಳಗೆ. ಎದುರಿಗೆ ಹಿಡಿದರೂ ಸಾಮಾನ್ಯನಿಗೆ ಅದರ ನಿಜ ತಿಳಿಯುವುದಿಲ್ಲ. ಕೊಂಡ ಮೇಲೆ ಅದರ ಮೇಲಿಡುವ ಭಾರವೂ ಸಣ್ಣದಲ್ಲ. ಸಹರಿ ಮುಗಿಯುವ ನಿಮಿಷ, ಇಫ್ತಾರ್‌ನ ನಿಮಿಷ, ಗಿರಣಿಯ ಪಾಳಿ, ಬೆಳಗಿನ ಬಸ್ಸು ಎಲ್ಲವೂ ಅದರ ಮುಳ್ಳಿನ ಮೇಲೆ ನಿಂತಿರುತ್ತವೆ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ನಮ್ಮ ಕಡೆ ಮದುಮಗನ ಕೈಗೆ ವಾಚು ಕಟ್ಟುವುದು ಬರಬರುತ್ತ ಹೆಣ್ಣಿನ ಮನೆಯ ಮೇಲಿನ ಹೊರೆಯಾಗಿ ಬಿಟ್ಟಿತು. ಮಹರ್ ಕೊಡಬೇಕಾದವನು ವಾಚು ಬೇಡುವುದು ಶರೀಅತ್ತಿನ ಯಾವ ಪುಟದಲ್ಲೂ ಇಲ್ಲ. ಆದರೂ ಕೊಟ್ಟರು, ಕೊಡುತ್ತಿದ್ದಾರೆ. ಆ ವಾಚು ಮೂರನೇ ತಿಂಗಳಿಗೆ ನಿಂತರೆ ಚುಚ್ಚುಮಾತು ಕೇಳುವವಳು ಆ ಮನೆಯ ಸೊಸೆಯೇ ಹೊರತು ಮಾರಿದವನಲ್ಲ. ಸುಳ್ಳು ವಾಚಿನ ಬೆಲೆಯನ್ನು ಕೊನೆಗೆ ಯಾರು ತೆರುತ್ತಾರೆ ಎಂಬುದೇ ಈ ಬರಹದ ಉದ್ದಕ್ಕೂ ನಾವು ಕೇಳಬೇಕಾದ ಪ್ರಶ್ನೆ.

ಐಹೊಳೆಯ ಐನೂರ್ವರು

ನಮ್ಮ ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲ್ಲೂಕಿನ ಐಹೊಳೆ ಎಂದರೆ ಇಂದಿನವರಿಗೆ ಗುಡಿಗಳ ಊರು. ಮಧ್ಯಯುಗದ ದಕ್ಷಿಣ ಭಾರತಕ್ಕೆ ಅದು ವರ್ತಕರ ಊರೂ ಆಗಿತ್ತು. 'ಅಯ್ಯಾವೊಳೆಯ ಐನೂರ್ವರು' ಎಂಬ ವರ್ತಕ ಸಂಘದ ಹೆಸರು ಕನ್ನಡ, ತೆಲುಗು, ತಮಿಳು ನಾಡುಗಳ ಶಾಸನಗಳಲ್ಲಿ ಬರುತ್ತದೆ. ಸುಮಾತ್ರಾ ದ್ವೀಪದ ಬಾರೂಸ್ ಬಳಿ ಸಿಕ್ಕ 1088ರ ತಮಿಳು ಶಾಸನದಲ್ಲಿಯೂ ಐನೂರ್ವರ ಉಲ್ಲೇಖವಿದೆ. ರಬಕವಿ-ಬನಹಟ್ಟಿಯ ಪಕ್ಕದ ತೇರದಾಳದಲ್ಲಿರುವ ಹನ್ನೆರಡನೆಯ ಶತಮಾನದ ಶಾಸನವೂ ಅವರನ್ನು ನೆನೆಯುತ್ತದೆ.

ಕಡಲಾಚೆಯ ಮನುಷ್ಯ ಐಹೊಳೆಯನ್ನು ಕಂಡವನಲ್ಲ. ಆದರೂ ಆ ಹೆಸರು ಹೊತ್ತು ಬಂದ ವರ್ತಕನೊಡನೆ ವ್ಯವಹಾರ ಮಾಡಿದ. ಅವನು ನಂಬಿದ್ದು ಆ ಒಬ್ಬ ವರ್ತಕನ ಮುಖವನ್ನಲ್ಲ. ಹಿಂದೆ ನಿಂತ ಸಂಘವನ್ನು. ಶಾಸನಗಳು ಈ ವರ್ತಕರನ್ನು ವೀರಬಣಂಜು ಧರ್ಮವನ್ನು ಪಾಲಿಸುವವರು ಎಂದು ಹೊಗಳುತ್ತವೆ. ಅಂದರೆ ವ್ಯಾಪಾರಕ್ಕೂ ಒಂದು ಧರ್ಮವುಂಟು, ಅದನ್ನು ಕಾಯುವ ಬಳಗವುಂಟು ಎಂಬುದು ಅಂದಿನವರ ತಿಳಿವಳಿಕೆಯಾಗಿತ್ತು. ಒಬ್ಬ ಮೋಸ ಮಾಡಿದರೆ ಎಲ್ಲರ ಹೆಸರಿಗೂ ಮಸಿ.

ಮುಧೋಳದ ನೆಲದಲ್ಲಿ ಹುಟ್ಟಿದ ಹತ್ತನೆಯ ಶತಮಾನದ ಕವಿ ರನ್ನ ಬಳೆಗಾರರ ಮನೆಯವನು. ಬಳೆಗಾರ ತಿರುಗಾಡುವ ವ್ಯಾಪಾರಿ. ಆದರೆ ಮುಂದಿನ ಹಬ್ಬಕ್ಕೆ ಅದೇ ಓಣಿಗೆ ಮತ್ತೆ ಬರಲೇಬೇಕಾದವನು. ಒಡೆದ ಬಳೆ ತೊಡಿಸಿ ಹೋದರೆ ಮರುವರ್ಷ ಆ ಬಾಗಿಲು ಅವನಿಗೆ ತೆರೆಯದು. ಹೀಗೆ ಮಾರುವವನಿಗೂ ಕಳೆದುಕೊಳ್ಳುವುದು ಏನಾದರೂ ಇದ್ದಾಗ ನಂಬಿಕೆಗೆ ಒಂದು ಆಧಾರ ಸಿಗುತ್ತದೆ. ಸಂಘದ ಹೆಸರಾಗಲಿ, ಮರಳಿ ಬರಬೇಕಾದ ಓಣಿಯಾಗಲಿ ಆ ಆಧಾರವಾಗಬಲ್ಲದು.

ಕನ್ನಡಿಯಲ್ಲಿ ಕಂಡದ್ದು

ಇನ್ನು ನಮ್ಮ ಶಾಸ್ತ್ರದ ಮಾತು. ಮದೀನಾದ ಪೇಟೆಯಲ್ಲಿ ಪ್ರವಾದಿ (ಸ) ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ಹತ್ತಿದ ಪ್ರಸಂಗ ಎಲ್ಲರಿಗೂ ಗೊತ್ತು. ಮಳೆಗೆ ನೆನೆದದ್ದೆಂದು ವ್ಯಾಪಾರಿ ಹೇಳಿದ. ನೆನೆದದ್ದನ್ನು ಜನಕ್ಕೆ ಕಾಣುವಂತೆ ಮೇಲೆ ಇಡಬೇಕಿತ್ತಲ್ಲವೆ ಎಂದು ಅವರು ಕೇಳಿದರು, ಮೋಸ ಮಾಡುವವನು ನಮ್ಮವನಲ್ಲ ಎಂದು ಎಚ್ಚರಿಸಿದರು. ಮಳೆ ಬಂದದ್ದು ವ್ಯಾಪಾರಿಯ ತಪ್ಪಲ್ಲ. ಒದ್ದೆಯನ್ನು ಅಡಿಗೆ ಹಾಕಿ ಒಣಗಿದ್ದನ್ನು ಮೇಲೆ ತೋರಿಸಿದ್ದು ತಪ್ಪು.

ಇದೇ ಎಳೆಯನ್ನು ಹಿಡಿದು ಹನಫಿ ಪಂಡಿತರು 'ಖಿಯಾರೆ ರೂಯತ್' ಎಂಬ ನಿಯಮವನ್ನು ಬೆಳೆಸಿದರು. ರೂಯತ್ ಅಂದರೆ ಕಣ್ಣಾರೆ ಕಾಣುವುದು, ಖಿಯಾರ್ ಅಂದರೆ ಬೇಕು ಬೇಡ ಎನ್ನುವ ಹಕ್ಕು. ಕಾಣದ ಮಾಲನ್ನು ಕೊಳ್ಳಬಹುದು, ಆದರೆ ಕಂಡ ಮೇಲೆ ಬೇಡವೆನ್ನುವ ಹಕ್ಕು ಕೊಂಡವನಿಗೆ ಇರುತ್ತದೆ. ಮಾಲಿನಲ್ಲಿ ದೋಷವಿದೆ ಎಂದು ಸಾಬೀತು ಮಾಡುವ ಅಗತ್ಯವೂ ಇಲ್ಲ. ನೋಡುವ ಮೊದಲೇ 'ಒಪ್ಪಿದೆ' ಎಂದು ಬಾಯಿ ಬಿಟ್ಟು ಹೇಳಿದ್ದರೂ ಹಕ್ಕು ಹೋಗುವುದಿಲ್ಲ. ಶಾಫಿ ಪಂಥದವರು ಇನ್ನೂ ಬಿಗಿ. ಕಾಣದ ಮಾಲಿನ ವ್ಯಾಪಾರವನ್ನೇ ಅವರ ಪ್ರಬಲ ಅಭಿಪ್ರಾಯ ಒಪ್ಪುವುದಿಲ್ಲ. ನಮ್ಮ ಬಯಲುಸೀಮೆಯ ಮುಸ್ಲಿಮರಲ್ಲಿ ಹನಫಿಗಳು ಹೆಚ್ಚು, ಕರಾವಳಿಯಲ್ಲಿ ಶಾಫಿಗಳು ಹೆಚ್ಚು. ಎರಡೂ ಕಡೆಯ ಕಾಳಜಿ ಒಂದೇ.

ಯಾವುದನ್ನು 'ಕಂಡದ್ದು' ಎನ್ನಬೇಕು ಎಂಬ ಬಗ್ಗೆ ಈ ಪಂಡಿತರು ನಡೆಸಿದ ಚರ್ಚೆ ಇಂದು ಓದಿದರೆ ಬೆರಗಾಗುತ್ತದೆ. ಒಂದು ರಾಶಿಯ ಗೋಧಿಯಲ್ಲಿ ಒಂದು ಹಿಡಿ ನೋಡಿದರೆ ಸಾಕು, ಯಾಕೆಂದರೆ ಕಾಳೆಲ್ಲ ಒಂದೇ ತೆರ. ಒಂದಕ್ಕೊಂದು ಭಿನ್ನವಾದ ವಸ್ತುಗಳಾದರೆ ಪ್ರತಿಯೊಂದನ್ನೂ ನೋಡಬೇಕು. ಗಾಜಿನ ಶೀಶೆಯ ಹೊರಗಿನಿಂದ ಎಣ್ಣೆಯನ್ನು ಕಂಡದ್ದು ಕಂಡಂತಲ್ಲ ಎಂದರು ಇಮಾಮ್ ಅಬೂ ಹನೀಫಾ. ಕನ್ನಡಿಯಲ್ಲಿ ಮಾಲಿನ ಬಿಂಬ ನೋಡಿದವನ ಹಕ್ಕೂ ಅಳಿಯುವುದಿಲ್ಲ, ಅವನು ಕಂಡದ್ದು ವಸ್ತುವನ್ನಲ್ಲ, ಅದರ ನೆರಳನ್ನು ಎಂದು ನಂತರದ ಹನಫಿ ಗ್ರಂಥಗಳು ಬರೆದವು. ಮೊಬೈಲಿನ ಗಾಜಿನ ಮೇಲೆ ಮೂಡುವ ವಾಚಿನ ಚಿತ್ರಕ್ಕೆ ಇದಕ್ಕಿಂತ ಸರಿಯಾದ ವಿವರಣೆ ಬೇಕೆ? ಮಾಲು ತರಲು ಹೋದ ಬರಿಯ ದೂತ ಅದನ್ನು ನೋಡಿದರೆ ಕೊಂಡವನು ನೋಡಿದಂತಾಗದು ಎಂಬ ಮಾತೂ ಅಲ್ಲಿದೆ. ಡಬ್ಬಿ ಹಿಡಿದು ಬಂದ ಡೆಲಿವರಿ ಹುಡುಗನನ್ನು ಬೈದು ಪ್ರಯೋಜನವಿಲ್ಲ ಎಂದು ಇದರಿಂದ ತಿಳಿಯಬಹುದು. ಅವನು ದೂತ ಮಾತ್ರ.

ಒಟ್ಟು ಸಾರ ಇಷ್ಟು: ಮಾಲು ಕಣ್ಣಿಗೆ ಬೀಳುವವರೆಗೆ ನಷ್ಟದ ಹೊರೆ ಮಾರಿದವನ ಹೆಗಲ ಮೇಲಿರಬೇಕು. ಯಾವ ಅಂಗಡಿ ಈ ಹೊರೆಯನ್ನು ತಾನೇ ಹೊರುತ್ತದೋ ಅದು ನಂಬಿಕೆಗೆ ಅರ್ಹ. ಯಾವುದು ಕೊಳ್ಳುವವನ ಮೇಲೆ ಜಾರಿಸುತ್ತದೋ ಅದರ ಬಗ್ಗೆ ಎಚ್ಚರಿಕೆ ಬೇಕು. ಮುಂದಿನ ನೂರೈವತ್ತು ವರ್ಷದ ಕತೆಯನ್ನು ಈ ಕೋಲಿನಿಂದಲೇ ಅಳೆಯೋಣ.

ವಿ.ಪಿ. ಬಂದ ಕಾಲ

1865ರ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಫಾವ್ರ್ ಲೂಬಾ ಕಂಪನಿ ಭಾರತದ ಪೇಟೆಗೆ ಕಾಲಿಟ್ಟಿತ್ತು. ಶತಮಾನದ ಕೊನೆಗೆ ಬೊಂಬಾಯಿಯಲ್ಲಿ ನೆಲೆಯೂರಿದ ವೆಸ್ಟ್ ಎಂಡ್ ವಾಚ್ ಕಂಪನಿ ತನ್ನ ಒಂದು ವಾಚಿಗೆ 'ಸೋವಾರ್' ಎಂದು ಹೆಸರಿಟ್ಟಿತು. ಅದು ಕುದುರೆ ಸವಾರನಿಗೆ ನಮ್ಮ ಉರ್ದುವಿನ ಮಾತೇ. ವಾಚಿನ ಪೇಟೆ ಬೊಂಬಾಯಿಯಲ್ಲಿ, ಕೊಳ್ಳುವವರು ನೂರಾರು ಮೈಲಿ ದೂರದ ಹಳ್ಳಿ ಪಟ್ಟಣಗಳಲ್ಲಿ. 1880ರ ದಶಕದಲ್ಲಿ ರೈಲು ಬಂದಾಗಲೂ ಜಮಖಂಡಿ, ರಬಕವಿಯವರಿಗೆ ಹತ್ತಿರದ ಸ್ಟೇಷನ್ ಎಂದರೆ ಕುಡಚಿ, ಇಲ್ಲವೇ ಬಾಗಲಕೋಟೆ. ಉಳಿದ ದಾರಿ ಚಕ್ಕಡಿಯದು.

ಈ ಅಂತರವನ್ನು ತುಂಬಿದ್ದು ಟಪಾಲು ಇಲಾಖೆ. 1877ರಲ್ಲಿ ಅದು ವ್ಯಾಲ್ಯೂ ಪೇಯಬಲ್ ಪೋಸ್ಟ್, ಅಂದರೆ ನಮ್ಮ ಜನರ ಬಾಯಲ್ಲಿ 'ವಿ.ಪಿ.', ಎಂಬ ಸೌಲಭ್ಯ ತಂದಿತು. ಪತ್ರಿಕೆಯಲ್ಲಿ ಜಾಹೀರಾತು ನೋಡಿ ಒಂದು ಕಾರ್ಡು ಬರೆದರೆ ಸಾಕು. ಅಂಚೆಯವನು ಪೊಟ್ಟಣ ತರುತ್ತಿದ್ದ, ದುಡ್ಡು ಕೊಟ್ಟು ಬಿಡಿಸಿಕೊಳ್ಳುವುದು, ದುಡ್ಡು ಮಾರಿದವನಿಗೆ ಮನಿಯಾರ್ಡರಾಗಿ ಹೋಗುವುದು. ಹಳೆಯ ಉರ್ದು, ಮರಾಠಿ, ಕನ್ನಡ ಪತ್ರಿಕೆಗಳ ಹಿಂಬದಿ ಪುಟಗಳಲ್ಲಿ ವಾಚು, ಔಷಧಿ, ಪುಸ್ತಕಗಳ ವಿ.ಪಿ. ಜಾಹೀರಾತುಗಳನ್ನು ಇಂದಿಗೂ ನೋಡಬಹುದು. ಒಂದು ವಾಚಿನ ಜೊತೆ ಹತ್ತಾರು ವಸ್ತು ಬಿಟ್ಟಿ ಎಂಬ ಆಮಿಷ ಅಂದೂ ಇತ್ತು.

ನಮ್ಮ ಕೋಲನ್ನು ಇಲ್ಲಿ ಇಟ್ಟು ನೋಡಿ. ಬಾಗಿಲಲ್ಲೇ ದುಡ್ಡು ಕೊಡುವುದರಿಂದ ಕೊಳ್ಳುವವನು ಕ್ಷೇಮ ಎಂದು ಅನಿಸುತ್ತದೆ. ಆದರೆ ದುಡ್ಡು ಕೊಡುವ ಮುನ್ನ ಪೊಟ್ಟಣ ಬಿಚ್ಚುವಂತಿರಲಿಲ್ಲ. ಕಣ್ಣಿಗೆ ಬೀಳುವ ಮೊದಲೇ ಹೊರೆ ಕೊಂಡವನ ಹೆಗಲಿಗೆ ಜಾರಿತು. ಇದರ ಕೇಡು ಸರ್ಕಾರಕ್ಕೂ ಗೊತ್ತಿತ್ತು ಎನ್ನಲು 1898ರ ಅಂಚೆ ಕಾಯ್ದೆಯೇ ಸಾಕ್ಷಿ. ನಿಜವಾಗಿ ಯಾರಾದರೂ ಬೇಡಿಕೆ ಕಳಿಸಿದ್ದಕ್ಕಾಗಿಯೇ ಈ ಮಾಲನ್ನು ಕಳಿಸುತ್ತಿದ್ದೇನೆ ಎಂದು ಮಾರುವವನಿಂದ ಬರೆಸಿಕೊಳ್ಳಲು ಅದರಲ್ಲಿ ಅವಕಾಶವಿತ್ತು. ಮೋಸವಾಗಿದ್ದರೆ ವಸೂಲಾದ ಹಣವನ್ನು ತಡೆಹಿಡಿದು ಕೊಂಡವನಿಗೆ ಮರಳಿಸುವ ನಿಯಮ ಮಾಡಲೂ ಅವಕಾಶವಿತ್ತು. ಕೇಳದವರಿಗೂ ಪೊಟ್ಟಣ ಕಳಿಸುವ, ಹೇಳಿದ್ದೊಂದು ಕಳಿಸಿದ್ದೊಂದು ಮಾಡುವ ವ್ಯಾಪಾರಿಗಳ ಭಯವಿಲ್ಲದಿದ್ದರೆ ಇಂಥ ಮಾತುಗಳು ಕಾಯ್ದೆಯೊಳಗೆ ಬರುತ್ತಿರಲಿಲ್ಲ. ಆ ಕಾಯ್ದೆ ನೂರಿಪ್ಪತ್ತೈದು ವರ್ಷ ಬಾಳಿತು. 2023ರ ಹೊಸ ಕಾಯ್ದೆ 2024ರ ಜೂನ್‌ನಲ್ಲಿ ಅದರ ಜಾಗಕ್ಕೆ ಬಂತು.

ನಮ್ಮ ಭಾಗಕ್ಕೆ ಇನ್ನೊಂದು ತೊಡಕೂ ಇತ್ತು. ಇಂದು ಒಂದೇ ಜಿಲ್ಲೆಯಲ್ಲಿರುವ ಈ ಊರುಗಳು ಅಂದು ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದವು. ಜಮಖಂಡಿ ಪಟವರ್ಧನರದು, ಬನಹಟ್ಟಿ ಅವರ ಸಂಸ್ಥಾನಕ್ಕೆ ಸೇರಿದ್ದು. ಮುಧೋಳ ಘೋರ್ಪಡೆಯವರದು. ರಬಕವಿ ಸಾಂಗಲಿ ಸಂಸ್ಥಾನದ್ದು. ಬೀಳಗಿ ಮಾತ್ರ ಬ್ರಿಟಿಷರ ಬಿಜಾಪುರ ಜಿಲ್ಲೆಯದು. ಬೊಂಬಾಯಿಯ ವ್ಯಾಪಾರಿ ಮೋಸ ಮಾಡಿದರೆ ಜಮಖಂಡಿಯವನು ಯಾವ ಕಟ್ಟೆ ಹತ್ತಬೇಕು? ಸಂಸ್ಥಾನದ ನ್ಯಾಯಾಲಯ ಬ್ರಿಟಿಷ್ ಭಾರತದ ಕಾನೂನಿನ ಕಣ್ಣಿಗೆ ಪರಕೀಯ ನ್ಯಾಯಾಲಯ. ಪ್ರತ್ಯೇಕ ಅಧಿಸೂಚನೆ ಇಲ್ಲದೆ ಅದರ ಡಿಕ್ರಿ ಬೊಂಬಾಯಿಯಲ್ಲಿ ನೇರವಾಗಿ ಜಾರಿಯಾಗುತ್ತಿರಲಿಲ್ಲ. ಟಪಾಲಿಗೆ ಗಡಿ ಇರಲಿಲ್ಲ, ನ್ಯಾಯಕ್ಕೆ ಇತ್ತು. 1948ರಲ್ಲಿ ಸಂಸ್ಥಾನಗಳು ವಿಲೀನವಾದವು, 1956ರಲ್ಲಿ ಇವೆಲ್ಲ ಮೈಸೂರು ರಾಜ್ಯಕ್ಕೆ ಬಂದವು, 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಗಡಿಗಳ ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಘಡಿಸಾಜರು ಮತ್ತು ಎಚ್.ಎಂ.ಟಿ.

ದೂರದ ವ್ಯಾಪಾರಿಗೂ ಊರಿನ ಗಿರಾಕಿಗೂ ನಡುವೆ ಒಬ್ಬ ಮನುಷ್ಯ ಕುಳಿತಿದ್ದ. ಉರ್ದುವಿನಲ್ಲಿ ಅವನನ್ನು ಘಡಿಸಾಜ್ ಎನ್ನುತ್ತೇವೆ, ಪೇಟೆಯಲ್ಲಿ ವಾಚ್ ರಿಪೇರಿಯವನು. ಗಾಜಿನ ಪೆಟ್ಟಿಗೆಯ ಹಿಂದೆ, ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಚಿಮಟದಲ್ಲಿ ಸಾಸಿವೆಗಿಂತ ಸಣ್ಣ ತಿರುಪು ಎತ್ತುವ ಈ ಕಸುಬಿನಲ್ಲಿ ನಮ್ಮವರು ಹಲವು ಊರುಗಳಲ್ಲಿ ಇದ್ದರು, ಅಲ್ಲಲ್ಲಿ ಇನ್ನೂ ಇದ್ದಾರೆ. ಕೊಂಡ ವಾಚನ್ನು ಜನ ಮೊದಲು ಒಯ್ಯುತ್ತಿದ್ದದ್ದು ಇವರ ಬಳಿಗೆ. ಹಿಂಬದಿ ಮುಚ್ಚಳ ತೆಗೆದು, ಮಷಿನ್ ನೋಡಿ, "ಅಸಲಿ ಐತಿ" ಅಥವಾ "ಒಳಗಿನ ಮಾಲು ಬ್ಯಾರೆ ಐತಿ ನೋಡ್ರಿ" ಎಂದು ಹೇಳಿದರೆ ಅದೇ ತೀರ್ಪು. ರಿಪೇರಿ ಮಾಡಿದ ವಾಚಿನ ಮುಚ್ಚಳದ ಒಳಮೈಯಲ್ಲಿ ತಮ್ಮ ಗುರುತು, ತಾರೀಖು ಗೀರುವ ರೂಢಿಯೂ ಈ ಕಸುಬಿನಲ್ಲಿದೆ. ಆ ಗೀರು ಒಂದು ಜವಾಬ್ದಾರಿ: ಈ ವಾಚನ್ನು ನಾನು ಬಿಚ್ಚಿದ್ದೇನೆ, ಕೆಟ್ಟರೆ ನನ್ನನ್ನು ಕೇಳಿ. ಶಾಸ್ತ್ರ ಹೇಳಿದ 'ರೂಯತ್' ವಾಚಿನ ವಿಷಯದಲ್ಲಿ ನಿಜವಾಗುತ್ತಿದ್ದದ್ದು ಇವರ ಕಣ್ಣಿನಿಂದ.

ಸ್ವಾತಂತ್ರ್ಯದ ನಂತರ ವಿದೇಶಿ ವಾಚುಗಳ ಆಮದಿಗೆ ಬಿಗಿ ಕಟ್ಟುಪಾಡು ಬಂತು. ಕಡಲ ದಾರಿಯ ಕಳ್ಳಸಾಗಣೆ ಬೆಳೆಯಿತು. 1962ರ ಕಸ್ಟಮ್ಸ್ ಕಾಯ್ದೆಯ 123ನೇ ಕಲಮು ಬಂಗಾರದ ಜೊತೆಗೆ ವಾಚಿನ ಹೆಸರನ್ನೂ ಎತ್ತಿ ಹೇಳುತ್ತದೆ. ಕಳ್ಳಮಾಲೆಂಬ ಸಕಾರಣ ಗುಮಾನಿಯಿಂದ ವಾಚನ್ನು ಜಪ್ತಿ ಮಾಡಿದರೆ, ಅದು ಕಳ್ಳಮಾಲಲ್ಲ ಎಂದು ಸಾಬೀತು ಮಾಡುವ ಹೊಣೆ ಯಾರ ಕೈಯಲ್ಲಿ ಸಿಕ್ಕಿತೋ ಅವರದು, ಮಾಲಿಕ ತಾನೆಂದು ಬಂದರೆ ಅವನದೂ ಹೌದು. ಬಸ್‌ಸ್ಟ್ಯಾಂಡಿನಲ್ಲಿ ಗುಟ್ಟಾಗಿ 'ಫಾರಿನ್ ಮಾಲು' ತೋರಿಸಿದವನಿಂದ ಕೊಂಡವನಿಗೆ ವಾಚು ನಕಲಿಯಾದರೆ ದುಡ್ಡು ಹೋಯಿತು, ಅಸಲಿಯಾದರೆ ಪೊಲೀಸರ ಭಯ. ರಸೀದಿ ಇಲ್ಲದ ಅಗ್ಗದ ಮಾಲಿನಲ್ಲಿ ಹೊರೆಯೆಲ್ಲ ಕೊಂಡವನದೇ ಆಗಿರುತ್ತದೆ.

ಇದಕ್ಕೆ ಉತ್ತರವಾಗಿ ಬಂದದ್ದು ನಮ್ಮ ಬೆಂಗಳೂರಿನ ಎಚ್.ಎಂ.ಟಿ. 1953ರಲ್ಲಿ ಯಂತ್ರ ತಯಾರಿಕೆಗೆಂದು ಶುರುವಾದ ಸರ್ಕಾರಿ ಕಂಪನಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಕೈಗಡಿಯಾರ ತಯಾರಿಸತೊಡಗಿತು. ಮೊದಲ ಕಂತನ್ನು ಪ್ರಧಾನಿ ನೆಹರೂ ಬಿಡುಗಡೆ ಮಾಡಿದರು. ಮುಂದೆ ತುಮಕೂರಿನಲ್ಲಿಯೂ ಕಾರ್ಖಾನೆ ಆಯಿತು. ಜನತಾ, ಪೈಲಟ್, ಸೋನಾ, ಕಾಂಚನ ಎಂಬ ಹೆಸರುಗಳು ಮನೆಮಾತಾದವು. ಕೀಲಿ ಕೊಡುವ ಸರಳ ಮಷಿನ್, ಗ್ಯಾರಂಟಿ ಕಾರ್ಡಿನ ಮೇಲೆ ಅಂಗಡಿಯ ಸಿಕ್ಕೆ, ಬಿಡಿಭಾಗ ಸಿಗುವ ಭರವಸೆ. ಜನ ಮಾರುವವನನ್ನು ನಂಬಬೇಕಾದ ತಾಪತ್ರಯ ಕಡಿಮೆಯಾಯಿತು, ಹಿಂದೆ ಸರ್ಕಾರವೇ ನಿಂತಿತ್ತು. ಅಯ್ಯಾವೊಳೆಯ ಸಂಘ ಮಾಡುತ್ತಿದ್ದ ಕೆಲಸವನ್ನು ಹೊಸ ರೀತಿಯಲ್ಲಿ ಒಂದು ಸಾರ್ವಜನಿಕ ಉದ್ದಿಮೆ ಮಾಡಿತು. 1984ರಲ್ಲಿ ಟಾಟಾ ಮತ್ತು ತಮಿಳುನಾಡು ಸರ್ಕಾರದ ನಿಗಮ ಸೇರಿ ಕಟ್ಟಿದ ಟೈಟನ್ ಹೊಸೂರಿನಿಂದ ಕ್ವಾರ್ಟ್ಜ್ ವಾಚುಗಳನ್ನು ತಂದ ಮೇಲೆ ಎಚ್.ಎಂ.ಟಿ. ಹಿಂದೆ ಬಿತ್ತು. 2014ರಲ್ಲಿ ಮುಚ್ಚುವ ಸುದ್ದಿ ಬಂತು, 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟದ ಸಮಿತಿ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿತು.

ಮುಚ್ಚಿದ ಕಾರ್ಖಾನೆಯ 'ಹೊಸ' ವಾಚು

ವಿಚಿತ್ರವೆಂದರೆ, ಎಚ್.ಎಂ.ಟಿ. ಮುಚ್ಚುವ ಸುದ್ದಿ ಬಂದ ಮೇಲೆಯೇ ಅದರ ವಾಚಿಗೆ ಬೇಡಿಕೆ ಹೆಚ್ಚಿತು. ಅಪ್ಪನ ಕೈಯಲ್ಲಿದ್ದ ವಾಚಿನ ನೆನಪಿಗೆ ಜನ ಆನ್‌ಲೈನ್‌ನಲ್ಲಿ ಹುಡುಕತೊಡಗಿದರು. ಬೇಡಿಕೆ ಇದ್ದಲ್ಲಿ ಮಾಲು ಹುಟ್ಟುತ್ತದೆ. ಹಳೆಯ ಕೇಸಿಗೆ ಪಾಲಿಶು ಕೊಟ್ಟು, ಡಯಲಿಗೆ ಹೊಸ ಬಣ್ಣ ಬಳಿದು, ಬೇರೆ ಬೇರೆ ವಾಚುಗಳ ಭಾಗ ಜೋಡಿಸಿ 'ಹಳೆಯ ಸ್ಟಾಕು, ಬಳಸದ್ದು' ಎಂದು ಮಾರುವ ದಂಧೆ ಬೆಳೆಯಿತು. ಹಳೆ ವಾಚು ಕೂಡಿಡುವ ಹವ್ಯಾಸಿಗಳು ಇಂಥವನ್ನು 'ಮುಂಬೈ ಸ್ಪೆಷಲ್' ಎಂದು ಗೇಲಿ ಮಾಡುತ್ತಾರೆ.

ಹಳೆ ವಾಚನ್ನು ರಿಪೇರಿ ಮಾಡಿ ಮಾರುವುದು ಪಾಪವಲ್ಲ. ಅದು ಘಡಿಸಾಜರ ಹಲಾಲ್ ದುಡಿಮೆಯೇ. ಬಣ್ಣ ಬಳಿದದ್ದನ್ನು ಹೇಳದೆ ಹೊಸದೆಂದು ಮಾರುವುದು ಮಾತ್ರ ಒದ್ದೆ ಕಾಳನ್ನು ಅಡಿಗೆ ಹಾಕಿದಂತೆ. ಇದನ್ನು ಪತ್ತೆ ಹಚ್ಚುವುದು ಪೂರಾ ಅಸಾಧ್ಯವೇನಲ್ಲ. ಡಯಲಿನ ಅಕ್ಷರ ದಪ್ಪವಾಗಿ ಹರಡಿದ್ದರೆ, ಗೆರೆಗಳು ಅಂಕಿಯ ನೇರಕ್ಕೆ ಇಲ್ಲದಿದ್ದರೆ, ಕೇಸಿನ ಅಂಚುಗಳು ಉಜ್ಜಿ ಉಜ್ಜಿ ದುಂಡಗಾಗಿದ್ದರೆ, ಮಷಿನಿನ ಚಿತ್ರವನ್ನೇ ಮಾರುವವನು ತೋರಿಸದಿದ್ದರೆ ಅನುಮಾನಿಸಬೇಕು. ಐವತ್ತು ವರ್ಷದ ಹಿಂದಿನದೆನ್ನುವ ವಾಚು ಒಬ್ಬನ ಬಳಿಯೇ ಹತ್ತು ಬಣ್ಣದಲ್ಲಿ ರಾಶಿ ಬಿದ್ದಿದ್ದರೆ ಕೇಳಲೇಬೇಕಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ. ಹೊಸದೇ ಬೇಕೆನ್ನುವವರು ತಾಯಿ ಕಂಪನಿ ಎಚ್.ಎಂ.ಟಿ. ಲಿಮಿಟೆಡ್ ತನ್ನದೇ ವೆಬ್‌ಸೈಟಿನಲ್ಲಿ ಮಾರುವ ವಾಚುಗಳನ್ನು ನೋಡಬಹುದು. ಬೇರೆ ಕಂಪನಿಗಳ ವಾಚಿಗೂ ಇದೇ ಮಾತು. ತಯಾರಿಸಿದ ಕಂಪನಿಯನ್ನೇ ಕೇಳಿದರೆ ಅಧಿಕೃತ ಮಾರಾಟಗಾರ ಯಾರೆಂದು ತಿಳಿಯುತ್ತದೆ. ಮಾರುವವನು ಒದಗಿಸುವ ಗ್ಯಾರಂಟಿ ಬೇರೆ, ತಯಾರಿಸಿದವರ ಗ್ಯಾರಂಟಿ ಬೇರೆ.

ಗಡ್ಡ, ಟೋಪಿ ಮತ್ತು ಹೆಸರು

ನಮ್ಮೊಳಗಿನ ಒಂದು ದೌರ್ಬಲ್ಯವನ್ನು ಇಲ್ಲಿ ಹೇಳದೆ ಹೋದರೆ ಬರಹ ಅರೆಯಾಗುತ್ತದೆ. ಮಾಲು ಕಾಣದಿದ್ದಾಗ ನಾವು ಮನುಷ್ಯನನ್ನು ನೋಡುತ್ತೇವೆ. ಅವನ ವೇಷ, ಅವನ ಜಾತಿ, ಅವನ ಧರ್ಮ. 'ನಮ್ಮವನು, ಮೋಸ ಮಾಡಲಿಕ್ಕಿಲ್ಲ' ಎನ್ನುತ್ತೇವೆ. ಬೆಂಗಳೂರಿನ ಐ.ಎಂ.ಎ. ಸಂಸ್ಥೆ ಹಲಾಲ್ ಹೂಡಿಕೆಯ ಹೆಸರಿನಲ್ಲಿ ಹಣ ಕಟ್ಟಿಸಿಕೊಂಡು 2019ರ ಜೂನ್‌ನಲ್ಲಿ ಕುಸಿದಾಗ ಬೀದಿಗೆ ಬಿದ್ದವರಲ್ಲಿ ಹೆಚ್ಚಿನವರು ಮುಸ್ಲಿಮರು. ಮಗಳ ಮದುವೆಗೆ ಕೂಡಿಟ್ಟದ್ದು, ಹಜ್ಜಿಗೆಂದು ಉಳಿಸಿದ್ದು, ವಿಧವೆಯರ ಒಡವೆಯ ದುಡ್ಡು ಅದರೊಳಗಿತ್ತು. ಸುಮಾರು 4,000 ಕೋಟಿ ರೂಪಾಯಿಯ ವ್ಯವಹಾರವೆಂದು ಸುದ್ದಿಯಾಯಿತು. ಅವರು ನಂಬಿದ್ದು ಲೆಕ್ಕಪತ್ರವನ್ನಲ್ಲ, ದೀನಿನ ಮಾತುಗಳನ್ನು.

ಇದರ ಇನ್ನೊಂದು ಮುಖವನ್ನು 2022ರ ಮಾರ್ಚ್‌ನಲ್ಲಿ ಕಂಡೆವು. ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳು ಅಂಗಡಿ ಹಾಕಕೂಡದೆಂಬ ಫಲಕಗಳು ಎದ್ದವು. ತಕ್ಕಡಿಯನ್ನು ಯಾರೂ ಪರೀಕ್ಷಿಸಲಿಲ್ಲ, ಮಾಲನ್ನು ಯಾರೂ ಮುಟ್ಟಿ ನೋಡಲಿಲ್ಲ, ಹೆಸರೇ ಸಾಕಾಯಿತು. ಹೆಸರು ಕೇಳಿ ನಂಬುವುದೂ ಹೆಸರು ಕೇಳಿ ದೂರ ಇಡುವುದೂ ಒಂದೇ ರೋಗದ ಎರಡು ಲಕ್ಷಣ. ಎರಡರಲ್ಲಿಯೂ ಕಳ್ಳನಿಗೆ ಅನುಕೂಲ, ಪ್ರಾಮಾಣಿಕನಿಗೆ ನಷ್ಟ. ಕುರ್‌ಆನ್ ಅಳತೆ ತೂಕದಲ್ಲಿ ಕಡಿಮೆ ಮಾಡುವವರಿಗೆ ಎಚ್ಚರಿಕೆ ಕೊಡುವಾಗ ಅವರ ವಂಶ ಕೇಳುವುದಿಲ್ಲ, ತಕ್ಕಡಿಯನ್ನು ನೋಡುತ್ತದೆ. ಆನ್‌ಲೈನ್ ಅಂಗಡಿಯ ಮುಖಪುಟದಲ್ಲಿ ಬಿಸ್ಮಿಲ್ಲಾ ಇದೆಯೆಂದೋ ದೇವರ ಫೋಟೋ ಇದೆಯೆಂದೋ ನಂಬಬೇಕಿಲ್ಲ. ತಕ್ಕಡಿ ಎಲ್ಲಿದೆ ಎಂದು ಹುಡುಕಬೇಕು.

ಈಗ ನಮ್ಮ ಕೈಯಲ್ಲಿರುವ ತಕ್ಕಡಿ

ಆ ತಕ್ಕಡಿ ಈಗ ಕಾನೂನಿನಲ್ಲಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮತ್ತು 2020ರ ಇ-ಕಾಮರ್ಸ್ ನಿಯಮಗಳು ಮಾರುವವನ ಮೇಲೆ ಕೆಲವು ಹೊಣೆ ಹೊರಿಸಿವೆ. ಆನ್‌ಲೈನ್ ಸಂಸ್ಥೆ ತನ್ನ ಹೆಸರು, ನೆಲೆಯಿರುವ ವಿಳಾಸ, ದೂರು ಕೇಳುವ ಅಧಿಕಾರಿಯ ವಿವರ ತೋರಿಸಬೇಕು. ದೂರು ಬಂದ 48 ಗಂಟೆಯೊಳಗೆ ಅದು ತಲುಪಿತೆಂದು ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಮಾಲು ಕೆಟ್ಟದ್ದಾದರೆ, ನಕಲಿಯಾದರೆ, ಹೇಳಿದಂತೆ ಇಲ್ಲದಿದ್ದರೆ ವಾಪಸು ಪಡೆಯಲು ಮಾರಿದವನು ನಿರಾಕರಿಸುವಂತಿಲ್ಲ. ತಾನೇ ಗಿರಾಕಿಯ ಹೆಸರಿನಲ್ಲಿ ಹೊಗಳಿಕೆ ಬರೆದುಕೊಳ್ಳುವಂತಿಲ್ಲ. ಇವನ್ನೇ ಪ್ರಶ್ನೆಗಳಾಗಿ ಮಾಡಿಕೊಂಡರೆ ಪರೀಕ್ಷೆ ಸುಲಭ.

ಮೊದಲು, ಅಂಗಡಿ ಎಲ್ಲಿದೆ? ಬರೀ ವಾಟ್ಸಪ್ ನಂಬರಿದ್ದು ವಿಳಾಸವಿಲ್ಲದಿದ್ದರೆ ಅದು ಮರುವರ್ಷ ಓಣಿಗೆ ಬರುವ ಬಳೆಗಾರನಲ್ಲ. ದೊಡ್ಡ ಆ್ಯಪ್‌ಗಳಲ್ಲಿ ಬಜಾರೇ ಬೇರೆ, ಅಂಗಡಿಯೇ ಬೇರೆ. ಆ್ಯಪ್‌ನ ಹೆಸರು ಪರಿಚಿತವಾದರೂ ಒಳಗೆ ಮಾರುವವನು ಬೇರೊಬ್ಬ. ಅವನ ಹೆಸರನ್ನು ನೋಡಬೇಕು. ಎರಡನೆಯದು, ದುಡ್ಡು ಯಾವಾಗ ಹೋಗುತ್ತದೆ, ಎಲ್ಲಿಗೆ ಹೋಗುತ್ತದೆ? ಯಾರದೋ ಖಾಸಗಿ ನಂಬರಿಗೆ ಮುಂಗಡ ಫೋನ್ ಪೇ ಮಾಡೆಂದರೆ ಹೊರೆಯೆಲ್ಲ ನಿಮ್ಮ ಮೇಲೆ ಬಿತ್ತು. ಬಾಗಿಲಲ್ಲಿ ದುಡ್ಡು ಕೊಡುವುದೂ ಪೂರ್ತಿ ರಕ್ಷಣೆಯಲ್ಲ, ಡಬ್ಬಿ ಬಿಚ್ಚುವ ಮೊದಲು ಕೊಟ್ಟರೆ ಅದು ಹಳೆಯ ವಿ.ಪಿ.ಯೇ. ಬಿಚ್ಚಿ ನೋಡಲು ಬಿಡುವ ಕಡೆ ನೋಡಿಯೇ ಕೊಡಬೇಕು, ಬಿಡದ ಕಡೆ ಡಬ್ಬಿ ಬಿಚ್ಚುವಾಗ ವಿಡಿಯೊ ಮಾಡಿಕೊಳ್ಳಬೇಕು. ಮೂರನೆಯದು, ವಾಪಸಾತಿಯ ಶರತ್ತು ಏನು? ಎಷ್ಟು ದಿನ, ಮರಳಿಸುವ ಖರ್ಚು ಯಾರದು, ಹಣ ಕೊಡುತ್ತಾರೋ ಬರಿಯ ಕೂಪನ್ನೋ? ನಂಬಿಕಸ್ಥ ಅಂಗಡಿ ಈ ಪುಟವನ್ನು ಬಚ್ಚಿಡುವುದಿಲ್ಲ. ನಾಲ್ಕನೆಯದು, ಬಿಲ್ಲು ಕೊಡುತ್ತಾರೆಯೆ? ಅದರಲ್ಲಿ ಜಿ.ಎಸ್.ಟಿ. ಸಂಖ್ಯೆ ಇದ್ದರೆ ಸರ್ಕಾರದ ಜಾಲತಾಣದಲ್ಲಿ ತಾಳೆ ನೋಡಬಹುದು. ಸಾಲುಸಾಲು ಹೊಗಳಿಕೆಗಿಂತ, ಕೊಂಡವರ ದೂರುಗಳಿಗೆ ಅಂಗಡಿ ಹೇಗೆ ಉತ್ತರಿಸಿದೆ ಎಂಬುದನ್ನು ಓದುವುದು ಲೇಸು.

ಹಳೆಯ ಗಡಿಗಳ ಮಾತನ್ನು ಈಗ ನೆನಪಿಸಿಕೊಳ್ಳಿ. 1986ರ ಕಾಯ್ದೆಯಲ್ಲಿ ಮಾರಿದವನಿರುವ ಊರಿನಲ್ಲಿ ಅಥವಾ ವ್ಯಾಜ್ಯ ಹುಟ್ಟಿದ ಕಡೆ ದೂರು ಕೊಡಬೇಕಿತ್ತು. 2019ರ ಕಾಯ್ದೆ ಕೊಂಡವನು ವಾಸಿಸುವ, ದುಡಿಯುವ ಕಡೆಯೂ ದೂರು ಕೊಡಲು ಅವಕಾಶ ಮಾಡಿತು. ವ್ಯಾಪಾರಿ ದಿಲ್ಲಿಯಲ್ಲಿರಲಿ, ಸೂರತ್ತಿನಲ್ಲಿರಲಿ, ಬೀಳಗಿಯ ಮನುಷ್ಯ ಬಾಗಲಕೋಟೆಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಗ್ರಾಹಕ ಸಹಾಯವಾಣಿ 1915, ಹಣವೇ ಲಪಟಾಯಿಸಿದ ಸೈಬರ್ ವಂಚನೆಗೆ 1930. ಜಮಖಂಡಿಯ ನ್ಯಾಯಾಲಯದ ಹುಕುಮು ಬೊಂಬಾಯಿಗೆ ತಲುಪದಿದ್ದ ಕಾಲದಿಂದ ಇಲ್ಲಿಗೆ ಬಂದದ್ದು ಸಣ್ಣ ದಾರಿಯಲ್ಲ. ಆದರೆ 499 ರೂಪಾಯಿಗೆ ಯಾರು ಓಡಾಡುತ್ತಾರೆ ಎಂದು ನಾವು ಸುಮ್ಮನಾಗುತ್ತೇವೆ. ಮೋಸಗಾರ ಲೆಕ್ಕ ಹಾಕುವುದೂ ಇದನ್ನೇ. ಅವನ ವ್ಯಾಪಾರ ನಿಂತಿರುವುದು ಸಾವಿರ ಜನರ ಸಣ್ಣ ಸಣ್ಣ ಮೌನಗಳ ಮೇಲೆ.

ಮಗ್ಗದವರಿಗೆ ಗೊತ್ತಿರುವ ಮಾತು

ರಬಕವಿ-ಬನಹಟ್ಟಿಯವರಿಗೆ ಈ ಸಂಗತಿಯನ್ನು ಹೊರಗಿನವರು ಕಲಿಸಬೇಕಿಲ್ಲ. ಪಾವರ್‌ಲೂಮಿನ ಸೀರೆಯನ್ನು ಕೈಮಗ್ಗದ ಸೀರೆ ಎಂದು ಮಾರಿದರೆ ಕೈಮಗ್ಗದವನ ಅನ್ನ ಹೋಗುತ್ತದೆ ಎಂದು ಅವರು ಬಲ್ಲರು. ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯ್ದೆ, 2006ರ ಹ್ಯಾಂಡ್‌ಲೂಮ್ ಮಾರ್ಕ್, ಇಳಕಲ್ ಸೀರೆಗೆ ಸಿಕ್ಕ ಭೌಗೋಳಿಕ ಗುರುತು ಇವೆಲ್ಲ ಬಂದದ್ದು ಆ ನೋವಿನಿಂದಲೇ. ಪಾವರ್‌ಲೂಮಿನ ಸೀರೆ ಕೀಳಲ್ಲ, ಅದರಲ್ಲಿಯೂ ಬೆವರಿದೆ. ಅದನ್ನು ಅದರದೇ ಹೆಸರಿನಲ್ಲಿ ಮಾರಬೇಕು, ಅಷ್ಟೆ. ಈಗ ನಮ್ಮ ಹುಡುಗರೂ ಮೊಬೈಲಿನಲ್ಲಿ ಸೀರೆ ಮಾರುತ್ತಿದ್ದಾರೆ. ಮೈಸೂರಿನಲ್ಲೋ ಪುಣೆಯಲ್ಲೋ ಕುಳಿತ ಹೆಣ್ಣುಮಗಳೊಬ್ಬಳು ಅವರ ಚಿತ್ರ ನೋಡಿ, "ಈ ಅಂಗಡಿ ನಂಬಬಹುದೆ?" ಎಂದು ಮನೆಯವರನ್ನು ಕೇಳುತ್ತಿರುತ್ತಾಳೆ. ಅವಳಿಗೆ ನಾವು ವಿಳಾಸ ತೋರಿಸುತ್ತೇವೆಯೆ, ಬಿಲ್ಲು ಕೊಡುತ್ತೇವೆಯೆ, ಯಾವ ಮಗ್ಗದ್ದೆಂದು ಬರೆಯುತ್ತೇವೆಯೆ, ಒಪ್ಪದಿದ್ದರೆ ವಾಪಸು ಪಡೆಯುತ್ತೇವೆಯೆ? ವಾಚಿನ ವ್ಯಾಪಾರಿಗೆ ನಾವು ಕೇಳುವ ಪ್ರಶ್ನೆಗಳು ನಮ್ಮ ಗಲ್ಲೆಯ ಮುಂದೆಯೂ ಬಂದು ನಿಲ್ಲುತ್ತವೆ.